ರಾಸ್ಕೊನ ಪೇಪರು

"ಮೊದಲು ಆ ಟೋಪಿ ತೆಗೀರಿ," ಅಂದಳು ಮಿಸೆಸ್ ಹ್ಯಾಲೋರನ್. "ನೋಡಿದವರು ಏನಂದುಕೊಳ್ತಾರೆ? ಸಹಾಯ ಬೇಕಾದವರ ಥರಾನೇ ಕಾಣ್ತಿಲ್ಲ ನೀವು."

ವರ್ಡೆಲ್ಲಕ್ಕ ತೆಗೆಯಲಿಲ್ಲ. ಅದು ಅವಳು ಭಾನುವಾರ ಚರ್ಚಿಗೆ ಹಾಕಿಕೊಂಡು ಹೋಗುವ ನೇರಳೆ ಬಣ್ಣದ ಟೋಪಿ, ಪಕ್ಕದಲ್ಲೊಂದು ಉದ್ದನೆಯ ಗರಿ.

"ದೇವ್ರ ಮುಂದೇನೇ ತೆಗ್ಯಾಕಿಲ್ಲ ಕಣವ್ವ," ಅಂದಳು. "ನಿನ್ ಮುಂದೆ ಯಾಕ್ ತೆಗೀಲಿ?"

ಅಡುಗೆಮನೆಯ ಬಾಗಿಲಲ್ಲಿ ಬ್ರೆಡ್ಡಿನ ಬುಟ್ಟಿ ತುಂಬುತ್ತಿದ್ದ ನಾನು ನಗು ನುಂಗಿಕೊಂಡೆ. ಕ್ಲೀವ್‌ಲ್ಯಾಂಡಿನ ಈ ಹೋಟೆಲಿನಲ್ಲಿ ನಾನು ಬಡಿಸುವವಳು, ಅವಳು ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವವಳು. ಆ ಸಂಜೆ ಸಭಾಂಗಣದಲ್ಲಿ ಹಾಸಿದ್ದ ಮೇಜುಬಟ್ಟೆಗಳನ್ನೆಲ್ಲ ಬೆಳಿಗ್ಗೆ ಇಸ್ತ್ರಿ ಮಾಡಿದವಳು ಅವಳೇ. ದೊಡ್ಡವರಾದ ಮೇಲೆ ಅಕ್ಷರ ಕಲಿಯುವವರಿಗಾಗಿ ಹಣ ಎತ್ತುವ ಔತಣ ಅದು. ಲೇಖಕರು ತಮ್ಮ ಪುಸ್ತಕ ಓದುತ್ತಾರೆ, ಕೇಳಿದ ಸಾಹುಕಾರರು ಚೆಕ್ಕು ಬರೆಯುತ್ತಾರೆ, ಕೊನೆಗೆ ಸಂಜೆ ಶಾಲೆಯಲ್ಲಿ ಕಲಿತವರೊಬ್ಬರು ಧನ್ಯವಾದ ಓದುತ್ತಾರೆ. ಈ ಸಲ ಓದಬೇಕಾದವಳು ವರ್ಡೆಲ್ಲಕ್ಕ. ಆದರೆ ಕೂರಲು ಅವಳಿಗೊಂದು ಮೇಜಿರಲಿಲ್ಲ, ಅಡುಗೆಮನೆ ಬಾಗಿಲ ಪಕ್ಕ ಒಂದು ಕುರ್ಚಿ ಹಾಕಿದ್ದರು. ಮದುಮಗಳಿಗೇ ಎಲೆ ಹಾಕದ ಮದುವೆ.

ಔತಣದ ಉಸ್ತುವಾರಿ ಹೊತ್ತಿದ್ದ ಮಿಸೆಸ್ ಹ್ಯಾಲೋರನ್ ಟೋಪಿಯ ಆಸೆ ಬಿಟ್ಟು ಒಂದು ಹಾಳೆ ಕೊಟ್ಟಳು. "ಇದೇ ನಿಮ್ಮ ಭಾಷಣ. 'ನಾನು ಕತ್ತಲಲ್ಲಿದ್ದೆ' ಅಂತ ಶುರುವಾಗುತ್ತೆ. ಮೊನ್ನೆ ಅಭ್ಯಾಸದಲ್ಲಿ ತೀರಾ ಸರಾಗವಾಗಿ ಓದಿಬಿಟ್ರಿ. ಸ್ವಲ್ಪ ತಡವರಿಸಿ. ಅಲ್ಲಲ್ಲಿ ಸಿಕ್ಕಿಹಾಕಿಕೊಂಡರೆ ಜನರ ಮನಸ್ಸು ಕರಗುತ್ತೆ."

"ಎಲ್ಲೆಲ್ಲಿ ಸಿಗಾಕ್ಕೊಬೇಕು ಅಂತ ಗುರುತು ಹಾಕ್ಕೊಡವ್ವ."

ಆಯಮ್ಮ ನಿಜವಾಗಿಯೂ ಪೆನ್ನು ತೆಗೆದು ಗುರುತು ಹಾಕಿಕೊಟ್ಟು ಹೋದಳು.

ನಮ್ಮ ಜೊತೆ ಬಡಿಸುವ ತಿಬೂರ್ಸಿಯೊ ಒಂದು ತಟ್ಟೆ ಬಚ್ಚಿಟ್ಟುಕೊಂಡು ಬಂದ. "ತಗಳಕ್ಕ, ಕೋಳಿ ತೊಡೆ. ಆ ಬ್ಯಾಂಕಿನೋನ ಪಾಲಿಂದು. ಅವ್ನು ಹೊಟ್ಟೆ ಕರಗಿಸ್ತಾವ್ನಂತೆ, ನಾವೂ ಒಸಿ ಸಹಾಯ ಮಾಡವ."

ತಿನ್ನುತ್ತ ವರ್ಡೆಲ್ಲಕ್ಕ ತನ್ನ ಚೀಲದಿಂದ ಬೇರೆ ಹಾಳೆಗಳನ್ನು ತೆಗೆದಳು. "ಆಯಮ್ಮನ ಕತ್ಲು ನಂಗ್ ಬ್ಯಾಡ ಕಣೇ ಮೇವಿಸ್. ನಾನು ರಾಸ್ಕೊನ ಕತೆ ಬರ್ಕೊಂಡ್ ಬಂದಿವ್ನಿ. ಸಾಯೋಕ್ ಮುಂಚೆ ಕೇಳಿದ್ದ, ನಮ್ಮಿಬ್ರ ಕತೆ ನಾಕ್ ಜನದ್ ಮುಂದೆ ಓದು, ನಗ್ಲಿ ಅಂತ. ಮಾತ್ ಕೊಟ್ಟಿವ್ನಿ." ಗಂಡ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು: "ಆ ಗಲಾಟೇಲಿ ಯಾರ್ಗಾದ್ರೂ ಕೇಳುಸ್ತದಾ?"

ಅವಳ ಭಯ ಸುಳ್ಳಲ್ಲ. ಲೇಖಕರು ಓದುವಾಗ ನಾವು ಬಡಿಸುವವರು ಕೈ ಹಿಂದೆ ಕಟ್ಟಿ ಗೋಡೆಗೆ ಒರಗಿ ನಿಲ್ಲಬೇಕು, ಒಂದು ಚಮಚದ ಸದ್ದೂ ಆಗಬಾರದು. ಅಕ್ಷರ ಕಲಿತವರ ಸರದಿ ಬರುವುದು ಮಾತ್ರ ಕೇಕು, ಕಾಫಿಯ ಹೊತ್ತಿಗೆ, ತಟ್ಟೆ ಲೋಟಗಳ ಸದ್ದಿನ ನಡುವೆ. ಹೋದ ವರ್ಷ ಓದಿದವನ ಬಾಯಿ ಆಡಿದ್ದು ಕಂಡಿತ್ತು, ಒಂದು ಮಾತೂ ಕೇಳಿಸಿರಲಿಲ್ಲ.

ಓದು ಶುರುವಾಯಿತು. ದಪ್ಪ ಕನ್ನಡಕದ ಕಾದಂಬರಿಕಾರನೊಬ್ಬ ಹಸಿವಿನ ಬಗ್ಗೆ ಬರೆದದ್ದನ್ನು ಬಹಳ ಹೊತ್ತು ಓದಿದ. ಮಧ್ಯಾಹ್ನದಿಂದ ಏನೂ ತಿನ್ನದ ತಿಬೂರ್ಸಿಯೊನ ಹೊಟ್ಟೆ ಗುರ್ ಎಂದಿತು. ನಮ್ಮ ಮೇಸ್ತ್ರಿ ಪ್ರೆಸ್ಕಾಟ್ ಬಂದು ಕಿವಿಯಲ್ಲಿ ಉಸುರಿದ: "ಹೊಟ್ಟೆ ಮುಚ್ಕೊಂಡ್ ನಿಂತ್ಕೊಳ್ಳೋ ಬೋಳೀಮಗನೆ, ಸಾಹಿತ್ಯ ನಡೀತೈತೆ."

ಕೊನೆಗೆ ವರ್ಡೆಲ್ಲಕ್ಕನ ಹೆಸರು ಕೂಗಿದರು. ಅವಳು ವೇದಿಕೆ ಹತ್ತುವ ಮೊದಲೇ ಮೇಸ್ತ್ರಿ ಕೈ ಬೀಸಿದ. "ಹೊರಡ್ರಿ, ಕಾಫಿ."

ನನ್ನ ಕೈಯಲ್ಲಿ ತುಂಬಿದ ಕಾಫಿ ಹೂಜಿ ಇತ್ತು. ಅದನ್ನು ಪಕ್ಕದ ಮೇಜಿನ ಮೇಲಿಟ್ಟೆ. ಕೈ ಹಿಂದೆ ಕಟ್ಟಿ ಗೋಡೆಗೆ ಒರಗಿದೆ.

"ಕಿವುಡೀನಾ ನೀನು?" ಅಂದ ಮೇಸ್ತ್ರಿ.

"ಓದ್ತಾವ್ರೆ ಸಾಮಿ. ಓದೋವಾಗ ಅಲ್ಲಾಡಬ್ಯಾಡಿ ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

ತಿಬೂರ್ಸಿಯೊ ಕೇಕಿನ ತಟ್ಟೆಗಳನ್ನು ಇಳಿಸಿ ನನ್ನ ಪಕ್ಕ ನಿಂತ. ಅವನ ಪಕ್ಕ ಇನ್ನೊಬ್ಬಳು. ನೋಡುನೋಡುತ್ತಿದ್ದಂತೆ ಎದುರು ಗೋಡೆಯೂ ತುಂಬಿತು. ಮೇಸ್ತ್ರಿ ಒಬ್ಬೊಬ್ಬರ ಮುಂದೂ ನಿಂತು ಹಲ್ಲು ಕಡಿದ. "ನಾಳೆಯಿಂದ ಒಬ್ರಿಗೂ ಕೆಲ್ಸ ಇಲ್ಲ, ಮುಂಡೇವಾ." ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಮನೆ ಬಾಡಿಗೆ ಕಣ್ಣ ಮುಂದೆ ಬಂತು. ಆದರೂ ಇಷ್ಟು ಖುಷಿಯಾಗಿ ನಾನು ಆ ಗೋಡೆಗೆ ಯಾವತ್ತೂ ಒರಗಿರಲಿಲ್ಲ. ಕೈಲಾಗದವನು ಮೈ ಪರಚಿಕೊಂಡ ಅಂತಾರಲ್ಲ, ಹಾಗೆ ಮೇಸ್ತ್ರಿ ಒಂದು ಹೂಜಿ ತಾನೇ ಎತ್ತಿಕೊಂಡ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಮತ್ತೆ ಇಟ್ಟ.

ಸಭಾಂಗಣದ ಗದ್ದಲ ಅಡಗಿತು. ವರ್ಡೆಲ್ಲಕ್ಕ ನಮ್ಮನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದಳು. ಗುರುತು ಹಾಕಿದ ಹಾಳೆಯನ್ನು ಮಡಿಸಿ ನೀರಿನ ಲೋಟದ ಕೆಳಗಿಟ್ಟು ತನ್ನದನ್ನು ಬಿಡಿಸಿದಳು. ಎಲ್ಲೂ ತಡವರಿಸಲಿಲ್ಲ.

"ನನ್ ಗಂಡ ರಾಸ್ಕೊ ದಿನಾ ಬೆಳಿಗ್ಗೆ ಪೇಪರ್ ಹಿಡ್ಕೊಂಡ್ ಕೂರೋನು. ಏನಂತೋ ಇವತ್ತು ಅಂತ ಒಲೆ ಮುಂದಿಂದ್ಲೇ ಕೇಳ್ತಿದ್ದೆ. 'ಅದೇ ಗೋಳು ಕಣೆ, ಇರೋರು ನುಂಗ್ತಾವ್ರೆ, ಇಲ್ದೋರು ಒದ್ದಾಡ್ತಾವ್ರೆ' ಅನ್ನೋನು. ಮೂವತ್ತು ವರ್ಷ ಅದೇ ಸುದ್ದಿ ಹೇಳ್ದ. ಒಂದ್ ದಿನಾನೂ ತಪ್ಪಾಗ್ಲಿಲ್ಲ."

ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಕಾಫಿಗಾಗಿ ಬೆರಳೆತ್ತಿದ್ದ ಕಾದಂಬರಿಕಾರ ಬೆರಳು ಮಡಚಿಕೊಂಡ.

"ಹೋಟ್ಲಿಗೋದ್ರೆ 'ಕನ್ನಡ್ಕ ಮರ್ತೆ' ಅಂತ ನಾನು ಮೆನು ಅವ್ನ್ ಕಡೆ ತಳ್ತಿದ್ದೆ. 'ಹೆಂಗಸ್ರು ಮೊದ್ಲು' ಅಂತ ಅವ್ನು ನನ್ ಕಡೆ ತಳ್ಳೋನು. ಕೊನೆಗೆ ಪಕ್ಕದ್ ಮೇಜು ತೋರ್ಸಿ ಅದ್ನೇ ಕೊಡಿ ಅಂತಿದ್ವಿ. ಒಂದ್ ಸಲ ಅವ್ರು ಬಸವನಹುಳ ತಿಂತಿದ್ರು. ನಾವೂ ತಿಂದ್ವಿ. ನಂಗ್ ಬಲೇ ಇಷ್ಟ ಅಂದ ರಾಸ್ಕೊ. ನಂಗೂ ಅಂದೆ. ಮುಂದಿನ್ ವರ್ಷ ಹುಟ್ಟಿದಬ್ಬಕ್ಕೆ ಪಾಪ, ಅದ್ನೇ ಕೊಡ್ಸಕ್ ಕರ್ಕೊಂಡೋದ."

ಈಗ ಇಡೀ ಸಭೆ ನಕ್ಕಿತು. ಚೆಕ್ಕು ಬರೆಯುವವರೂ ನಕ್ಕರು.

"ಸಂಜೆ ಶಾಲೆ ಸೇರಿದ್ ದಿನ ಬಂದು ಅವ್ನ್ ಮುಂದೆ ಅತ್ತೆ. ನಂಗ್ ಓದಾಕ್ ಬರಾಕಿಲ್ಲ ಕಣೋ, ಇಷ್ಟ್ ವರ್ಷ ನಿಂಗ್ ಸುಳ್ಳೇಳ್ದೆ ಅಂದೆ. ಅವ್ನು ಪೇಪರ್ ಕೆಳಗಿಟ್ಟ. 'ನಂಗೂ ಬರಾಕಿಲ್ಲ ಕಣೆ' ಅಂದ. ಪಕ್ಕದ್ ಮನೆಯೋರು ಗೋಡೆ ಗುದ್ದೋಗಂಟ ನಕ್ವಿ."

ತಿಬೂರ್ಸಿಯೊ ನಗುತ್ತಲೇ ತೋಳಿಗೆ ಕಣ್ಣೊರೆಸಿಕೊಂಡ. ಚಪ್ಪಾಳೆಯ ನಡುವೆ ಮಿಸೆಸ್ ಹ್ಯಾಲೋರನ್ ಓಡಿಬಂದು ಮೈಕಿಗೆ ಕೈ ಹಾಕಿದಳು. "ತುಂಬಾ ಚೆನ್ನಾಗಿತ್ತು, ತುಂಬಾ. ಈಗ ಎಲ್ಲರಿಗೂ ಕಾಫಿ..."

ವರ್ಡೆಲ್ಲಕ್ಕ ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು.

"ಕುಂತ್ಕಳವ್ವ ನೀನು," ಅಂದಳು. "ಇನ್ನೂ ಅರ್ಧ ಐತೆ. ರಾಸ್ಕೊ ಇನ್ನೂ ಸತ್ತಿಲ್ಲ."

ಹಾಳೆ ತಿರುವಿದಳು. ನಾವು ನಿಂತೇ ಇದ್ದೆವು.