ಅಂಚೆಯಕ್ಕ ಆರಿಸಿದ ಊರು

ಅಷ್ಟು ದೊಡ್ಡ ದೇಶವನ್ನು ಹನ್ನೆರಡು ದಿನದಲ್ಲಿ ನೋಡಿ ಮುಗಿಸುತ್ತೇವೆ ಎಂದು ಹೊರಟವರಿಗೆ ಯಾರು ಏನು ಹೇಳಲಾದೀತು! ಅಂಚೆಯಕ್ಕನ ತಂಗಿಯ ಗಂಡ ಪ್ರವಾಸದ ಕಚೇರಿಯ ಮೇಜಿನ ಮೇಲೆ ನಕ್ಷೆ ಹರಡಿ, ಒಂದು ಊರಿನ ಮೇಲೆ ಹೆಬ್ಬೆರಳು, ಇನ್ನೊಂದರ ಮೇಲೆ ಕಿರುಬೆರಳು ಇಟ್ಟು, "ಬೆಳಿಗ್ಗೆ ತಿಂಡಿ ಇಲ್ಲಿ, ಮಧ್ಯಾಹ್ನದ ಊಟ ಅಲ್ಲಿ," ಎಂದು ತೀರ್ಪು ಕೊಟ್ಟರು. ಬೂಟಿನ ಅಂಗಡಿ ನಡೆಸುವ ಮನುಷ್ಯ. ಯಾರ ಪಾದವನ್ನಾದರೂ ಕಂಡ ಕೂಡಲೇ ಅಳತೆ ಹೇಳಬಲ್ಲರು. ಅದೇ ಧೈರ್ಯವನ್ನು ನಕ್ಷೆಯ ಮೇಲೂ ತೋರಿಸಲು ಹೋಗಿದ್ದರು. ಕಚೇರಿಯ ಹುಡುಗಿ ನಗು ನುಂಗಿಕೊಂಡು, "ಸರ್, ಅದು ರೈಲಲ್ಲಿ ಎರಡು ದಿನದ ದಾರಿ," ಎಂದಾಗ ಅವರ ಮುಖ ನೋಡಬೇಕಿತ್ತು.

ಕೊನೆಗೆ ಆ ಹುಡುಗಿಯೇ ಒಂದು ಉಪಾಯ ಹೇಳಿದಳು. ಹೋಗುವವರು ಮೂವರು, ಒಬ್ಬೊಬ್ಬರು ಒಂದೊಂದು ಊರು ಆರಿಸಲಿ, ಸೋಮವಾರ ಸಂಜೆಯೊಳಗೆ ಖಚಿತಪಡಿಸಿದರೆ ಟಿಕೆಟ್ ಮಾಡಿಸುತ್ತೇನೆ ಎಂದಳು. ಬೂಟಿನಂಗಡಿಯವರು ರಾಜಧಾನಿ ಎಂದರು. ತಂಗಿ ಜಲಪಾತ ಎಂದಳು. ಅಂಚೆಯಕ್ಕ ಹೇಳಿದ ಊರಿನ ಹೆಸರನ್ನು ಯಾರೂ ಕೇಳಿರಲಿಲ್ಲ. ಹುಡುಗಿ ಕಂಪ್ಯೂಟರಿನಲ್ಲಿ ತಡಕಾಡಿ ಕಂಡುಹಿಡಿದಳು. ಜಲಪಾತದಿಂದ ಬಸ್ಸಿನಲ್ಲಿ ಒಂಬತ್ತು ಗಂಟೆ. ಒಂದು ಗೋಧಿಯ ಗೋದಾಮು, ಒಂದು ಪೆಟ್ರೋಲ್ ಬಂಕು, ತಂಗಲು ಒಂದೇ ಒಂದು ಹೋಟೆಲು.

"ಅಲ್ಲೇನಿದೆ ಅತ್ತಿಗೆ?" ಎಂದು ಬೂಟಿನಂಗಡಿಯವರು ಕೇಳಿದರು.

"ಇರ್ಲಿ, ನೋಡೋಣ ಅಂತ."

"ಗೋದಾಮು ನೋಡೋಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ರೈಲ್ವೆ ಸ್ಟೇಷನ್ ಹಿಂದೇನೇ ಇದೆಯಲ್ಲ!"

ಅಂಚೆಯಕ್ಕ ನಕ್ಷೆಯನ್ನು ಮಡಿಚಿ ಹುಡುಗಿಯ ಕಡೆಗೆ ಸರಿಸಿದಳು. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ, ಅದರಲ್ಲೂ ವಿಳಾಸ ಸರಿಯಿಲ್ಲದ ಕಾಗದಗಳ ಮೇಜಿನಲ್ಲಿ ಕೂತು, ಹೋದ ವರ್ಷ ನಿವೃತ್ತಳಾದವಳು. ಅರ್ಧ ಹೆಸರು, ಒಂದು ಮರದ ಗುರುತು ಸಿಕ್ಕರೆ ಸಾಕು, ಮನೆ ಪತ್ತೆ ಮಾಡುತ್ತಾಳೆ ಎಂದು ಊರೆಲ್ಲ ಹೊಗಳುತ್ತಿತ್ತು. ಹಾಗೆ ಹೊಗಳಿದಾಗಲೆಲ್ಲ ಅವಳು ಮಾತು ಬೇರೆ ಕಡೆಗೆ ತಿರುಗಿಸುತ್ತಿದ್ದುದನ್ನು ಮಾತ್ರ ಯಾರೂ ಗಮನಿಸಿರಲಿಲ್ಲ.

ಭಾನುವಾರ ತಂಗಿ ಅವಳ ಮನೆಗೆ ಪೆಟ್ಟಿಗೆ ತುಂಬಿಸಲು ಬಂದಳು. ಕಪಾಟಿನ ಬಾಗಿಲು ತೆಗೆದದ್ದೇ ತಡ, ಹೊಲಿಸಿದ ಬಟ್ಟೆಗಳು ಮೈಮೇಲೆ ಬಿದ್ದವು. ಇನ್ನೂ ಮಡಿಕೆ ಬಿಚ್ಚದವೇ ಹತ್ತಿಪ್ಪತ್ತು.

"ಈ ಟೈಲರಮ್ಮನ್ನ ನೀನೇ ಸಾಕ್ತಿದ್ದೀಯಾ ಹೇಗೆ?" ಎಂದು ತಂಗಿ ನಕ್ಕಳು. ಆಮೇಲೆ ಹಾಸಿಗೆಯ ಮೇಲೆ ಕೂತು, "ನಿಜ ಹೇಳು. ಆ ಊರಲ್ಲಿ ಏನಿದೆ? ಹೇಳ್ಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಹೋಗಿ ಅದನ್ನ ಹೊಡೆದುಹಾಕಿಸ್ತೀನಿ," ಎಂದು ಪಟ್ಟು ಹಿಡಿದಳು.

ಅಂಚೆಯಕ್ಕ ಕೈಯಲ್ಲಿದ್ದ ಅಂಗಿಯನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದಳು. "ಟೈಲರಮ್ಮನ ಅಣ್ಣ ಇದ್ದಾನೆ," ಎಂದಳು.

ಮೂವತ್ತು ವರ್ಷದ ಹಿಂದಿನ ಮಾತು. ಆ ದೊಡ್ಡ ದೇಶದಿಂದ ಒಂದು ಲಕೋಟೆ ಬಂದಿತ್ತು. ಬರೆದ ವಿಳಾಸದ ಮನೆಯಲ್ಲಿ ಆ ಹೆಸರಿನವರು ಇರಲಿಲ್ಲ. ಇಂಥ ಕಾಗದವನ್ನು ಮೂರು ಬೇರೆ ಬೇರೆ ದಿನ ಅಂಚೆಯವನ ಕೈಲಿ ಕೊಟ್ಟು ಹುಡುಕಿಸಬೇಕು, ಪ್ರತಿ ಸಲವೂ ಆ ದಿನದ ತಾರೀಖಿನ ಮುದ್ರೆ ಒತ್ತಬೇಕು, ಮೂರೂ ಸಲ ಸಿಗದಿದ್ದರೆ ಮಾತ್ರ ಕಳಿಸಿದವರಿಗೆ ಹಿಂದಿರುಗಿಸಬೇಕು. ಇದು ಆ ಮೇಜಿನ ನಿಯಮ. ಮರುದಿನದಿಂದ ಅಂಚೆಯಕ್ಕನಿಗೆ ರಜೆ. ಮೇಜು ಖಾಲಿ ಮಾಡಿ ಹೋಗು ಎಂದು ಮೇಲಿನವರ ಅಪ್ಪಣೆ. ಅವಳು ಒಂದು ದಿನವೂ ಹುಡುಕಿಸದೆ, ಮುದ್ರೆಯ ಚಕ್ರವನ್ನು ಬೆರಳಿನಿಂದ ತಿರುಗಿಸಿ, ಹಿಂದಿನ ಮೂರು ದಿನಗಳ ತಾರೀಖನ್ನು ಒಂದರ ಪಕ್ಕ ಒಂದು ಒತ್ತಿದಳು. "ಇಲ್ಲಿ ಇಲ್ಲ" ಎಂದು ಬರೆದು ಹಿಂದಕ್ಕೆ ಕಳಿಸಿದಳು. ಅರ್ಧ ನಿಮಿಷದ ಕೆಲಸ.

"ಯಾವ ರಜೆ ಅದು?" ಎಂದು ತಂಗಿ ಕೇಳಿದಳು.

"ನಿನ್ನ ಮದುವೆದು."

ತಂಗಿ ಕೆಳಗೆ ಬಿದ್ದ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಮಡಿಲಿಗೆ ಹಾಕಿಕೊಂಡಳು.

ಎರಡು ತಿಂಗಳಾದ ಮೇಲೆ ಕಿಟಕಿಯ ಮುಂದೆ ಒಬ್ಬ ಹೆಂಗಸು ಬಂದು ನಿಂತಿದ್ದಳು. ಅಣ್ಣ ಮುನಿಸಿಕೊಂಡು ದೇಶ ಬಿಟ್ಟು ಎರಡು ವರ್ಷವಾಯಿತು, ಈಗ ಕಾಗದ ಬರೆಯುತ್ತೇನೆ ಎಂದು ಯಾರ ಕೈಲೋ ಹೇಳಿ ಕಳಿಸಿದ್ದಾನೆ, ಅವನಿಗೆ ಗೊತ್ತಿರುವುದು ಹಳೆಯ ಮನೆಯ ವಿಳಾಸ, ನಾನು ಪಕ್ಕದ ಬೀದಿಗೆ ಬಂದಿದ್ದೇನೆ, ಏನಾದರೂ ಬಂತೇ ಎಂದು ಕೇಳಿದಳು. ಹೆಸರು ಹೇಳಿದ ಕೂಡಲೇ ಅಂಚೆಯಕ್ಕನಿಗೆ ಆ ಲಕೋಟೆ ನೆನಪಾಯಿತು. ಒಂದೇ ಒಂದು ದಿನ ಸರಿಯಾಗಿ ಹುಡುಕಿಸಿದ್ದರೂ ಸಿಗುತ್ತಿತ್ತು. "ಏನೂ ಬಂದಿಲ್ಲಮ್ಮ," ಎಂದಳು. ನೌಕರಿ ಹೋದೀತು ಎಂಬ ಹೆದರಿಕೆ. ಆ ಸಂಜೆ ರಿಜಿಸ್ಟರ್ ತೆಗೆದು ಕಳಿಸಿದವನ ವಿಳಾಸ ಓದಿದಳು. ಹೆಂಗಸು ಹನ್ನೊಂದು ಶನಿವಾರ ಬಂದು ಕೇಳಿದಳು. ಹನ್ನೊಂದು ಸಲವೂ ಅದೇ ಉತ್ತರ. ಹನ್ನೆರಡನೆಯ ಶನಿವಾರ ಅವಳು ಬರಲಿಲ್ಲ, ಅಣ್ಣನ ಮಾತನ್ನೂ ಬಿಟ್ಟಳು. ಅಂಚೆಯಕ್ಕನೇ ಬಟ್ಟೆ ಹಿಡಿದುಕೊಂಡು ಅವಳ ಹೊಲಿಗೆ ಅಂಗಡಿ ಹುಡುಕಿಕೊಂಡು ಹೋದಳು, ಹೋಗುತ್ತಲೇ ಇದ್ದಳು. ಹೆದರಿಕೆ ಹೋಗಿ ನಾಚಿಕೆ ಬಂತು. ಹೆದರಿಕೆಯಾದರೆ ಐದು ವರ್ಷದಲ್ಲಿ ಸವೆದಿತ್ತು, ನಾಚಿಕೆ ಮಾತ್ರ ವರ್ಷ ವರ್ಷ ಬೆಳೆಯಿತು.

"ಅಲ್ಲಿಗೆ ಹೋಗಿ ಏನು ಮಾಡ್ತೀಯ?"

"ಅವನ ಕಾಲು ಹಿಡಿದು, ತಪ್ಪು ನಿನ್ನ ತಂಗೀದಲ್ಲ, ನಂದು ಅಂತೀನಿ."

"ಟೈಲರಮ್ಮಂಗೆ ಹೇಳಿದ್ದೀಯಾ?"

"ಇಲ್ಲ."

"ಆ ಊರಿಗೆ ವಿಮಾನ, ರೈಲು, ಮೇಲೆ ಒಂಬತ್ತು ಗಂಟೆ ಬಸ್ಸು. ಟೈಲರಮ್ಮನ ಅಂಗಡಿಗೆ ಎಷ್ಟು ಹೊತ್ತು ಅಕ್ಕ?"

ನಾಲ್ಕು ನಿಮಿಷ. ಅಂಚೆಯಕ್ಕನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಪರದೇಶದವನ ಮುಂದೆ ತಲೆ ತಗ್ಗಿಸುವುದು ಸುಲಭ. ಅವನು ಬೈದರೆ ಬೈಸಿಕೊಂಡು ವಿಮಾನ ಹತ್ತಿ ಬಂದರಾಯಿತು. ಅದಕ್ಕೇ ಆ ಊರನ್ನು ಆರಿಸಿದ್ದೇನೆ ಎಂಬುದು ತಂಗಿ ಕೇಳುವ ತನಕ ಅವಳಿಗೇ ಗೊತ್ತಿರಲಿಲ್ಲ.

ಸೋಮವಾರ ಮಧ್ಯಾಹ್ನ ಟೈಲರಮ್ಮ ಒಬ್ಬಳೇ ಇದ್ದಳು. "ಬನ್ನಿ ಅಕ್ಕ, ಮತ್ತೆ ಬಟ್ಟೆ ತಂದ್ರಾ?" ಎಂದು ಕಾಲಿನಿಂದಲೇ ಸ್ಟೂಲು ಮುಂದೆ ತಳ್ಳಿದಳು. ಅಂಚೆಯಕ್ಕ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು: ಲಕೋಟೆ, ಮೂರು ತಾರೀಖು, ಹನ್ನೊಂದು ಶನಿವಾರ. ಟೈಲರಮ್ಮ ಹೊಲಿಗೆ ಯಂತ್ರದ ಚಕ್ರದ ಮೇಲೆ ಅಂಗೈ ಇಟ್ಟು ಅದನ್ನು ನಿಲ್ಲಿಸಿದಳು. ಅಳಲಿಲ್ಲ, ಕೂಗಾಡಲೂ ಇಲ್ಲ.

"ವಿಳಾಸ ಹೇಳಿ," ಎಂದಳು.

ಅಂಚೆಯಕ್ಕ ಮನೆ ನಂಬರು, ಬೀದಿ, ಊರು, ಪಿನ್ ಕೋಡು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಟೈಲರಮ್ಮ ಅಳತೆ ಬರೆಯುವ ಪುಸ್ತಕದಲ್ಲಿ ಒಂದೊಂದೇ ಅಕ್ಷರ ಬರೆದುಕೊಂಡಳು.

"ನಮ್ಮಣ್ಣನ ವಿಳಾಸ ಮೂವತ್ತು ವರ್ಷದಿಂದ ನಿಮಗೆ ಬಾಯಿಪಾಠ. ನನ್ನ ಹತ್ರ ಇರ್ಲಿಲ್ಲ," ಎಂದಳು. ಪುಸ್ತಕ ಮುಚ್ಚಿ, "ಅವನು ಬೇಡ ಅಂದ ಅಂದ್ಕೊಂಡಿದ್ದೆ. ನಾನು ಬೇಡ ಅಂದೆ ಅಂತ ಅವನಂದ್ಕೊಂಡಿರ್ತಾನೆ. ಇದ್ದಾನೋ ಇಲ್ವೋ," ಎಂದಳು.

"ನಾನು ಹೋಗ್ತಾ ಇದ್ದೀನಿ ಅಲ್ಲಿಗೆ. ಹೋಗಿ ಹೇಳ್ತೀನಿ..."

"ಬೇಡ. ಅವನ ಬಾಗಿಲಿಗೆ ಮೊದಲು ನೀವು ಹೋಗ್ಬೇಡಿ. ನಾನು ಬರೀತೀನಿ."

"ಬರೆದು ಕೊಡು, ಅಂಚೆಗೆ ನಾನು..." ಅಭ್ಯಾಸಬಲದಿಂದ ಬಂದ ಮಾತು. ಟೈಲರಮ್ಮ ತಲೆಯೆತ್ತಿ ನೋಡಿದಳು. ಅಂಚೆಯಕ್ಕ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ನಾನೇ ಹಾಕ್ತೀನಿ," ಎಂದಳು ಟೈಲರಮ್ಮ. ಬಾಗಿಲು ದಾಟುವಾಗ ಅಂಚೆಯಕ್ಕ ಕಿವಿಗೊಟ್ಟು ನಿಂತಳು. ಇಷ್ಟು ವರ್ಷ ಹೊರಡುವಾಗಲೆಲ್ಲ ಹಿಂದಿನಿಂದ ಕೇಳುತ್ತಿದ್ದ "ಮತ್ತೆ ಬನ್ನಿ ಅಕ್ಕ" ಅವತ್ತು ಕೇಳಿಸಲಿಲ್ಲ.

ಪ್ರವಾಸದ ಕಚೇರಿ ಮುಚ್ಚಲು ಇನ್ನೂ ಒಂದು ಗಂಟೆಯಿತ್ತು. ಅವಳು ನಡೆದೇ ಹೋದಳು. ಅತ್ತರೆ ಹಗುರಾಗುತ್ತದೆ ಎನ್ನುತ್ತಾರೆ. ದಾರಿಯುದ್ದಕ್ಕೂ ಅತ್ತಳು, ಹಗುರಾಗಲಿಲ್ಲ. ಆದರೆ ಬೆನ್ನು ಮಾತ್ರ ಏಕೋ ನೆಟ್ಟಗಾಗಿತ್ತು.

"ಆ ಮೂರನೇ ಊರನ್ನ ತೆಗೆದುಬಿಡಮ್ಮ. ಅಲ್ಲಿ ನಂಗೇನೂ ಕೆಲಸ ಇಲ್ಲ," ಎಂದಳು.

ಹುಡುಗಿ ಹೊಡೆದುಹಾಕಿದಳು. "ಮೂರು ದಿನ ಉಳೀತು ಮೇಡಂ. ಬೆಟ್ಟಾನಾ, ಸಮುದ್ರಾನಾ? ನಿಮಗೆ ಏನು ನೋಡೋಕೆ ಆಸೆ?" ಎಂದು ನಕ್ಷೆಯನ್ನು ಅವಳ ಕಡೆಗೆ ತಿರುಗಿಸಿದಳು.

ಅಂಚೆಯಕ್ಕ ಕನ್ನಡಕ ಒರೆಸಿಕೊಂಡು ಬಗ್ಗಿದಳು. ಅಷ್ಟು ದೊಡ್ಡ ದೇಶದಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ ಊರು, ಅದೂ ಬೇರೆಯವರದು. ಉಳಿದ ಹೆಸರುಗಳನ್ನು ಅವಳು ಒಮ್ಮೆಯೂ ಓದಿ ನೋಡಿರಲಿಲ್ಲ.

"ನಂಗೇನೂ ಗೊತ್ತಿಲ್ಲ ಕಣಮ್ಮ," ಎಂದು ಕುರ್ಚಿ ಎಳೆದುಕೊಂಡು ಕೂತಳು. "ಮೊದಲಿಂದ ಒಂದೊಂದಾಗಿ ಹೇಳ್ತಾ ಬಾ."