ತೊಗರಿ ಮನೆತನದ ಮಹನೀಯರು

ತೊಗರಿ ಬಕ್ಕೇಶಪ್ಪನವರಿಗೆ ಒಂದು ಚಟ. ತೊಗರಿ ಅನ್ನೋ ಅಡ್ಡಹೆಸರಿನ ದೊಡ್ಡ ಮನುಷ್ಯ ಎಲ್ಲೇ ಕಂಡರೂ 'ನಮ್ಮೋರೇ' ಅಂದುಬಿಡೋದು. ಪೈಲ್ವಾನ್ ತೊಗರಿ ಹುಲಿಯಪ್ಪ ದೊಡ್ಡಜ್ಜ, ನಾಟಕದ ದುರ್ಯೋಧನ ತೊಗರಿ ಗುತ್ತೆಪ್ಪ ಚಿಕ್ಕಜ್ಜ, ಜಡ್ಜ್ ತೊಗರಿ ಓಬಯ್ಯ ದೊಡ್ಡಪ್ಪ. ಮಗ ಕೊಟ್ಟೂರೇಶ ಈ ವಂಶಾವಳಿಯನ್ನು ಅಪ್ಪನ ಗಂಟಲಲ್ಲೇ, ಕೆಮ್ಮಿನ ಸಮೇತ, ಕಾಲೇಜು ಕ್ಯಾಂಟೀನಿನಲ್ಲಿ ಒಪ್ಪಿಸಿ ಪುಕ್ಕಟೆ ಚಹಾ ಕುಡಿದವನು.

ಆದರೆ ದಾವಣಗೆರೆ ಜಿಲ್ಲೆಯಾದ ಆ ವರ್ಷ, ಹರಿಹರದ ಸೋಡಾ ಮಲ್ಲೇಶಪ್ಪನವರ ಪಡಸಾಲೆಯಲ್ಲಿ ಹೆಣ್ಣು ನೋಡಲು ಕೂತಾಗ ಅವನಿಗೆ ನಗು ಬರಲಿಲ್ಲ. ಅವರ ಮಗಳು ಐಶ್ವರ್ಯ ಕಣ್ಣಿಗೆ ಬಿದ್ದ ಕೂಡಲೇ 'ಮದುವೆ ಆದರೆ ಇವಳನ್ನೇ' ಅಂತ ಅವನೆದೆ ಠರಾವು ಪಾಸು ಮಾಡಿತ್ತು. ಅಪ್ಪ ಮಾತ್ರ ಉಪ್ಪಿಟ್ಟಿನ ತಟ್ಟೆ ಹಿಡಿದೇ ದುರ್ಯೋಧನ, ಜಡ್ಜ್ ಇಬ್ಬರನ್ನೂ ಮುಗಿಸಿ ಪೈಲ್ವಾನನ್ನು ಅಖಾಡಕ್ಕೆ ಇಳಿಸಿದ್ದರು.

"ಹುಲಿಯಪ್ಪ ಅಂದ್ರೆ ನಮ್ಮಜ್ಜನ ಖಾಸಾ ಅಣ್ಣ ರೀ. ಒಂದೇ ರಕ್ತ!"

ಹುಡುಗಿಯ ಅಜ್ಜಿ ನಿರ್ಮಲಮ್ಮ ಎಲೆಗೆ ಸುಣ್ಣ ಹಚ್ಚೋದು ನಿಲ್ಲಿಸಿದರು. "ಆತ ನಮ್ಮ ಮಾವನ ಅಣ್ಣ ಅಲ್ಲೇನಪ್ಪ? ಮಾವ ಇಲ್ಲಿ ಸೋಡಾ ಅಂಗಡಿ ಇಟ್ಟ ಮ್ಯಾಲೆ ಜನ ಸೋಡಾ ಅಂದ್ರು. ಮೊದಲು ನಾವೂ ತೊಗರಿನೇ. ಹಂಗಾದ್ರೆ ಹುಡುಗ-ಹುಡುಗಿ ಅಣ್ಣ-ತಂಗಿ ಆದ್ರಲ್ಲೋ! ಶಿವಶಿವಾ! ಐಶೂ, ಒಳಗೆ ನಡಿ."

ಐಶ್ವರ್ಯ ಎದ್ದಳು. ಕೊಟ್ಟೂರೇಶ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಅಪ್ಪನ ಕಿವಿಗೆ ಬಗ್ಗಿದ. "ಅಪ್ಪಾ, ಹುಲಿಯಪ್ಪನ್ನ ಬಿಟ್ಟುಬಿಡಪ್ಪ," ಅಂತ ಪಿಸುಗುಟ್ಟಿದ.

ಬಕ್ಕೇಶಪ್ಪ ಬೆವರು ಒರೆಸಿಕೊಂಡರು. "ಖಾಸಾ ಅಂದ್ರೆ... ಅಷ್ಟೊಂದು ಖಾಸಾ ಏನಲ್ರಿ."

"ಮತ್ತೆ ಗುತ್ತೆಪ್ಪ?" ಮಲ್ಲೇಶಪ್ಪ ಕೇಳಿದರು.

"ನಾಟಕ ನೋಡೀನಿ ಅಷ್ಟೇ. ಟಿಕೆಟ್ ತಗಂಡು."

"ಜಡ್ಜ್ ಸಾಹೇಬ್ರು?"

ಬಕ್ಕೇಶಪ್ಪ ಮಗನ ಮುಖ ನೋಡಿದರು. ಎಷ್ಟೋ ವರ್ಷ ಬಾಯಲ್ಲೇ ಸಾಕಿದ ನೆಂಟರಲ್ಲಿ ಕೊನೆಯವರನ್ನೂ ಬಿಟ್ಟುಕೊಟ್ಟರು. "ಅವರಿಗೆ ನಾನ್ಯಾರು ಅಂತಾನೇ ಗೊತ್ತಿಲ್ರಿ. ನಮ್ಮಪ್ಪ ಸಂತೆಯಾಗ ತೊಗರಿಬೇಳೆ ಮಾರ್ತಿದ್ದ, ಅದಕ್ಕೆ ತೊಗರಿ ಆದ್ವಿ. ನಮ್ಮೂರು ಹದಡಿಯಾಗ ಇವತ್ತಿಗೂ ನಾವು ಗೊರಕೆ ಮನೆಯೋರು."

"ಇಂಥ ಹೆಸರು ಯಾರೂ ಸುಳ್ಳು ಸುಳ್ಳೇ ಹೇಳ್ಕೊಳ್ಳಲ್ಲ ಬಿಡವ್ವ," ಮಲ್ಲೇಶಪ್ಪ ತಾಯಿಗೆ ಹೇಳಿದರು.

ಅಜ್ಜಿ ಬಿಡಲಿಲ್ಲ. "ಗೊರಕೆ ಮನೆತನದಾಗ ಹೆಸರು ಮಾಡಿದೋರು ಯಾರ್ಯಾರಪ್ಪ?"

"ಯಾರೂ ಇಲ್ಲಮ್ಮ. ಎಲ್ಲಾರೂ ಮಲಗಿದ್ರು."

ನಿರ್ಮಲಮ್ಮ ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಕೂಡ್ರು ಐಶೂ. ಇಂಥೋರ ಮನೆಯಾಗ ಜಗಳಕ್ಕೂ ಯಾರೂ ಎದ್ದಿರಲ್ಲ."

ಐಶ್ವರ್ಯ ಕೂತಳು, ಈ ಸಲ ಕೊಟ್ಟೂರೇಶನ ಕಡೆ ಮುಖ ಮಾಡಿ.