ಅಕ್ಷತೆಯ ಬಣ್ಣ ಕಾಣದ ಬೆಳಕು

ಲಂಡನ್ನಿನ ಪಿನ್ನರ್‌ನ ಮನೆಯಲ್ಲಿ ಅಂಬುಜಮ್ಮನಿಗೆ ಕೆಲವು ದಿನ ಬೆಳಿಗ್ಗೆ ಎದ್ದರೆ ಕಾಲ ಕೆಳಗಿನ ನೆಲ ಜಾರಿದಂತಾಗುತ್ತಿತ್ತು. ಗೋಡೆ ಹಿಡಿದು ಸ್ನಾನದ ಮನೆಗೆ ಹೋಗುತ್ತಿದ್ದರು. ಹಿರಿಯರಿರುವ ಮನೆಗಳಲ್ಲಿ ಇಂಥ ತಲೆಸುತ್ತನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಮಗ ಅಭಿಜಿತ್ ಅದನ್ನು ಏಕಾದಶಿಯ ಮೇಲೆ ಹಾಕಿದ.

“ಉಪವಾಸ ಬಿಟ್ಟುಬಿಡಮ್ಮ. ಇನ್ನು ಸಾಕು.”

“ಏಕಾದಶಿ ಬರೋದು ಹದಿನೈದು ದಿನಕ್ಕೊಂದು ಸಲ ಕಣೋ. ತಲೆ ಸುತ್ತೋದು ವಾರಕ್ಕೆ ಎರಡು ಸಲ. ಇಂಜಿನಿಯರ್ ಆಗಿ ಇಷ್ಟು ಲೆಕ್ಕ ಬರಲ್ವಾ ನಿಂಗೆ?”

“ಬಿದ್ದು ಸೊಂಟ ಮುರ್ಕೊಂಡ್ರೆ? ಈ ಸಲ ನಾನು ಬಿಡಲ್ಲ.”

ಅಂಬುಜಮ್ಮನ ಗಂಡ ಚಂದ್ರಶೇಖರ್ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮದುವೆಯಾದಾಗಿನಿಂದ ಇಬ್ಬರೂ ಒಟ್ಟಿಗೆ ಹಿಡಿದ ವ್ರತವದು. ಅವರ ಜೊತೆಯಲ್ಲಿ ಮಾಡುವ ಕೆಲಸವೆಂದು ತನಗೆ ಉಳಿದಿರುವುದು ಅದೊಂದೇ ಎಂದು ಆಕೆಗೆ ಅನ್ನಿಸುತ್ತಿತ್ತು.

ಅಭಿಜಿತ್ ಕ್ಯಾಂಪಿಂಗಿಗೆ ಹೋಗುವವರಿಗಾಗಿ ಚಾರ್ಜ್ ಮಾಡುವ ಲಾಟೀನುಗಳನ್ನು ವಿನ್ಯಾಸ ಮಾಡುವವನು. ಅವುಗಳ ಗುಂಡಿಯನ್ನು ತಿರುಗಿಸಿದಂತೆ ಬೆಳಕು ಹಾಲಿನ ಬಿಳಿಯಿಂದ ಜೇನಿನ ಬಣ್ಣಕ್ಕೆ ಇಳಿಯುತ್ತಿತ್ತು. ಆಸ್ಪತ್ರೆಯ ಬಿಳಿ ಬೆಳಕಿನಲ್ಲಿ ಗಂಡನನ್ನು ಕಳೆದುಕೊಂಡ ಮೇಲೆ ತಾಯಿ ಮನೆಯ ಬಿಳಿ ದೀಪವನ್ನೂ ಸಹಿಸದಾದರು. ಮಗ ಅದಕ್ಕೆಂದೇ ಕೂತು, ಬಣ್ಣವನ್ನು ಇನ್ನಷ್ಟು ಇಳಿಸಿ, ತುಪ್ಪದ ದೀಪದ ಛಾಯೆಗೆ ತಂದು, ಆ ಲಾಟೀನನ್ನು ದೇವರ ಮುಂದೆ ಇಟ್ಟಿದ್ದ. ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲಾಗುವ ಊರು. ಸಂಜೆಯ ಪೂಜೆ, ಊಟ, ಮಾತ್ರೆ ಎಲ್ಲವೂ ಅದರ ಬೆಳಕಿನಲ್ಲೇ ನಡೆಯುತ್ತಿದ್ದವು.

ಒಂದು ಸಂಜೆ ಅಭಿಜಿತ್ ಪಕ್ಕದ ಬೀದಿಯ ನೀರಜಾಳನ್ನು ಕರೆತಂದ. ಧಾರವಾಡದವಳು, ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಉಪವಾಸ ಬಿಡಿಸಲು ಆಕೆ ತನ್ನ ಪರವಾಗಿ ಮಾತಾಡುತ್ತಾಳೆಂದು ಅವನ ಎಣಿಕೆ.

“ಉಪವಾಸದ್ದು ಆಮ್ಯಾಲೆ ನೋಡೂಣು,” ಎಂದಳು ನೀರಜಾ. “ಅಂಬುಜಕ್ಕ, ದಿನಾ ಗುಳಗಿ ಹೆಂಗ ತಗೋತೀರಿ, ತೋರಸ್ರಿ.”

“ಬಾಯಿಂದ ತಗೋತೀನಿ ಕಣಮ್ಮ.”

“ಅದು ಗೊತ್ತದರಿ. ಬಾಯಿಗೆ ಹೋಗೂಕಿಂತ ಮೊದಲ ಏನ್ ಮಾಡ್ತೀರಿ?”

ಅಂಬುಜಮ್ಮ ಸ್ಟೀಲಿನ ಡಬ್ಬಿ ತಂದರು. ತಾಯಿಯ ಬೆರಳು ಬಿಗಿದು ಮಾತ್ರೆಯ ಹಾಳೆ ಒತ್ತಲು ಆಗದೆಂದು ಅಭಿಜಿತ್ ಎಲ್ಲವನ್ನೂ ಬಿಡಿಸಿ ಅದರಲ್ಲಿ ಹಾಕಿಡುತ್ತಿದ್ದ. ಬೀಪಿಗೆ ಬಿಳಿಯದು, ರಕ್ತಹೀನತೆಗೆ ತಿಳಿ ಹಳದಿಯದು. ಎರಡೂ ಒಂದೇ ಗಾತ್ರ.

“ಇಗೋ, ಬಿಳಿದೊಂದು, ಹಳದಿದೊಂದು.”

ನೀರಜಾ ಎದ್ದು ಹೋಗಿ ಕೋಣೆಯ ದೊಡ್ಡ ಲೈಟ್ ಹಾಕಿದಳು. ಅಂಬುಜಮ್ಮನ ಅಂಗೈಯಲ್ಲಿದ್ದ ಎರಡು ಮಾತ್ರೆಗಳೂ ಬಿಳಿ.

“ಅಮ್ಮ ಸರಿಯಾಗಿ ನೋಡಿಲ್ಲ ಅಷ್ಟೇ ಆಂಟಿ,” ಎಂದ ಅಭಿಜಿತ್. “ಈ ಬೆಳಕಲ್ಲಿ ಪೇಪರ್ ಓದಬಹುದು. ನಾನೇ ಟೆಸ್ಟ್ ಮಾಡಿದೀನಿ.”

“ಓದಲಿಕ್ಕೆ ಕರಿ ಬಿಳಿ ಕಂಡರ ಸಾಕಪ್ಪ. ಇಷ್ಟು ಹಳದಿ ಬೆಳಕಿನ್ಯಾಗ ಹಳದಿ ಯಾವುದು, ಬಿಳಿ ಯಾವುದು, ಹೆಂಗ ಗೊತ್ತಾಗಬೇಕು?”

ಅಭಿಜಿತ್ ಒಪ್ಪಲಿಲ್ಲ. ಅಂಬುಜಮ್ಮ ಮಾತ್ರ ಏನೋ ನೆನಪಾದವರಂತೆ ದೊಡ್ಡ ಲೈಟ್ ಆರಿಸಿ, ದೇವರ ಮುಂದಿನ ಅಕ್ಷತೆಯ ಬಟ್ಟಲನ್ನೂ ಒಳಗಿನಿಂದ ಒಂದು ಹಿಡಿ ಅಕ್ಕಿಯನ್ನೂ ತಂದು ತಟ್ಟೆಯಲ್ಲಿ ಅಕ್ಕಪಕ್ಕ ಸುರಿದರು.

“ಅಕ್ಷತೆ ಯಾವುದು ಹೇಳೋ.”

ಅಭಿಜಿತ್ ಬಗ್ಗಿ ನೋಡಿದ. ಲಾಟೀನನ್ನು ಹತ್ತಿರಕ್ಕೆ ಎಳೆದುಕೊಂಡ. ಕೊನೆಗೆ ಒಂದು ಕಡೆ ಬೆರಳು ತೋರಿಸಿದ. ನೀರಜಾ ಮತ್ತೆ ಲೈಟ್ ಹಾಕಿದಳು. ಅವನ ಬೆರಳು ಬರಿಯ ಅಕ್ಕಿಯ ಮೇಲಿತ್ತು. ಪಕ್ಕದ ಅಕ್ಷತೆ ಕಣ್ಣಿಗೆ ಹೊಡೆಯುವಷ್ಟು ಹಳದಿ.

“ಸೌತ್‌ಹಾಲ್‌ನಿಂದ ತಂದ ಅರಿಶಿನ, ಎಷ್ಟು ಹಾಕಿದ್ರೂ ಈ ಬೆಳಕಲ್ಲಿ ಬಣ್ಣ ಕಾಣಲಿಲ್ಲ. ಪಾಪ, ಅಂಗಡಿಯವನನ್ನ ಬೈದೇ ಬೈದೆ,” ಎಂದರು ಅಂಬುಜಮ್ಮ.

“ಬಿಳೀವು ಎರಡು ಹೊಟ್ಟಿಗೆ ಹೋದ ದಿನ ಬೀಪಿ ಇಳಿದು ತಲಿ ಸುತ್ತಿರಬೇಕು,” ಎಂದಳು ನೀರಜಾ. “ನಾಳೆ ನಿಮ್ಮ GP ಡಾಕ್ಟರ ಹತ್ರ ಹೋಗಿ ಎಲ್ಲಾ ಹೇಳ್ರಿ. ಉಪವಾಸದ್ದೂ ಅವರನ್ನ ಕೇಳ್ರಿ. ಈ ಡಬ್ಬಿ ಇನ್ನ ಬ್ಯಾಡ.”

ಅಭಿಜಿತ್ ತಟ್ಟೆಯನ್ನೇ ನೋಡುತ್ತ ಕುಳಿತಿದ್ದ. “ನಿಂಗೇ ಅಂತ ಮಾಡಿದ ಬೆಳಕಮ್ಮ ಇದು.”

“ಅದಕ್ಕೇ ನಂಗೆ ಇಷ್ಟ. ಪೂಜೆಗೆ ಇರಲಿ ಬಿಡು. ಮಾತ್ರೆ ಹೊತ್ತಿಗೆ ಬೇರೆ ಬೆಳಕು ಬರೋ ಹಾಗೆ ಮಾಡು.”

ಅವನು ಲಾಟೀನಿನ ನೆತ್ತಿಗೆ ಇನ್ನೊಂದು ಗುಂಡಿ ಸೇರಿಸಿದ. ಯಾವ ಛಾಯೆಯಲ್ಲಿದ್ದರೂ ಒಮ್ಮೆ ಒತ್ತಿದರೆ ಪೂರ್ತಿ ಬಿಳಿ. ಮೊದಲು ಮಾಡಿದ್ದು ಚಪ್ಪಟೆಯಾಗಿತ್ತು. ಅಂಬುಜಮ್ಮನ ಬೆರಳಿಗೆ ಸಿಗಲಿಲ್ಲ. ಎರಡನೆಯದನ್ನು ಕಡಲೆಕಾಳಿನಷ್ಟು ಉಬ್ಬಿಸಿದ. ಬಿಳಿ ಬೆಳಕಿನಲ್ಲೂ ಬಣ್ಣಗಳು ಸರಿಯಾಗಿ ಕಾಣುತ್ತವೆಯೇ ಎಂದು ಅಕ್ಕಿ, ಅಕ್ಷತೆ, ಕುಂಕುಮ ಇಟ್ಟುಕೊಂಡು ನೋಡಿದ. ತಾಯಿ ಸಾಕು ಎಂದ ಮೇಲೆ ಅವನೂ ನಿಲ್ಲಿಸಿದ.

ಡಬ್ಬಿ ಬಿಟ್ಟು, ಅಭಿಜಿತ್ ದಿನದ ಮಾತ್ರೆಯನ್ನು ಹಾಳೆಯಿಂದಲೇ ಒತ್ತಿಕೊಡತೊಡಗಿದ ಮೇಲೆ ತಲೆಸುತ್ತು ನಿಂತಿತು. GP ಬೀಪಿ ನೋಡಿ, ಹಾಲು ಹಣ್ಣು ತೆಗೆದುಕೊಂಡು, ಮಾತ್ರೆ ತಪ್ಪಿಸದೆ ಉಪವಾಸ ಮಾಡಬಹುದೆಂದರು. ಮುಂದಿನ ಏಕಾದಶಿಯ ಸಂಜೆ ಅಂಬುಜಮ್ಮ ಗಂಡನ ಪಟದ ಮುಂದೆ ಕುಳಿತು, ಅಭಿಜಿತ್ ಹೆಚ್ಚಿಕೊಟ್ಟ ಸೇಬು ತಿಂದರು.

ಓದುವ ತಾಯಂದಿರೇ, ಮಕ್ಕಳೇ, ಇವತ್ತೇ ನಿಮ್ಮ ಮನೆಯ ಮಾತ್ರೆ ಎಲ್ಲಿದೆ ನೋಡಿ. ಹಾಳೆಯಿಂದ ಬಿಡಿಸಿ ಒಟ್ಟಿಗೆ ತುಂಬಿಡಬೇಡಿ. ಹಾಳೆ ಒತ್ತಲು ಕಷ್ಟವಾದರೆ ಏನು ಮಾಡಬಹುದೆಂದು ಔಷಧಿ ಅಂಗಡಿಯವರನ್ನು ಕೇಳಿ. ಬಣ್ಣವನ್ನು ನಂಬದೆ, ಬಿಳಿ ಬೆಳಕಿನಲ್ಲಿ ಹೆಸರು ಓದಿ ನುಂಗಿ. ತಪ್ಪಿ ನುಂಗಿದರೆ ನಾಚಿಕೆ ಬೇಡ, ಕೂಡಲೇ ಫಾರ್ಮಸಿಸ್ಟ್‌ಗೋ ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೋ ಫೋನ್ ಮಾಡಿ. ದೇವರ ಮುಂದೆ ನಿಮಗೆ ಹಿತವಾದ ಬೆಳಕಿರಲಿ. ಮಾತ್ರೆ ಕೈಗೆ ತೆಗೆದುಕೊಂಡಾಗ ದೊಡ್ಡ ಲೈಟ್ ಹಾಕಿ.